ಗಾಳಿಗೆ ಬೀಸಿದ್ದೂ ಲೆಕ್ಕ

ಬ್ರೂಸ್‌ಪೇಟೆಯ ಓಣಿಯಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದವಳು ನಾನು. ಬೆಂಗಳೂರಿನಲ್ಲಿರುವ ಎಂಟು ವರ್ಷದ ಮೊಮ್ಮಗಳು ಗಾಲ್ಫ್ ಕಲಿಯಲು ಸೇರಿದ್ದಾಳೆಂದು ಕೇಳಿ, "ಸಾಹುಕಾರರ ಆಟ ನಮಗ್ಯಾಕವ್ವಾ?" ಎಂದು ಮಗಳನ್ನು ಗದರಿದ್ದೆ. ನೀವಾಗಿದ್ದರೂ ಹಾಗೇ ಅನ್ನುತ್ತಿದ್ದಿರಿ, ಅಲ್ಲವೇ?

ಬೇಸಿಗೆ ರಜೆಗೆ ಹೋದಾಗ ಕಣ್ಣಾರೆ ಕಂಡೆ. ಕಲಿಸುವವರು ಮೊದಲ ದಿನವೇ ದೂರಕ್ಕೆ ಹೊಡೆಸುವುದಿಲ್ಲ. ಗುಳಿಯಿಂದ ಮೂರು ಹೆಜ್ಜೆ ದೂರದಲ್ಲಿ ಚೆಂಡಿಟ್ಟು ಮೆಲ್ಲಗೆ ಉರುಳಿಸುವುದೇ ಮೊದಲ ಪಾಠ. ಆಮೇಲೆ ತುಸು ಎತ್ತಿ ಹಾಕುವುದು. ಪೂರ್ತಿ ಬೀಸುವುದು ಕೊನೆಗೆ. ನಾವು ರಂಗೋಲಿಯನ್ನು ಚುಕ್ಕಿಯಿಂದ ಕಲಿಸುವುದಿಲ್ಲವೇ, ಹಾಗೆ.

ಬೆಂಗಳೂರಿನವರೇ ಆದ ಅದಿತಿ ಅಶೋಕ್ ಕೂಡ ಐದು ತುಂಬಿದ ಮೇಲೆ ಈ ಆಟ ಶುರುಮಾಡಿದವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತಕ್ಕೆ ಕಂಚು ತಪ್ಪಿ ನಾಲ್ಕನೆಯವರಾದರು. ಅಲ್ಲಿ ಅವರ ಚೀಲ ಹೊತ್ತವರು ಹೆತ್ತ ತಾಯಿ.

ಒಂದು ಹೊಡೆತದ ಬೆಲೆ ನನಗೆ ತಿಳಿದದ್ದು ಮಾರನೆಯ ದಿನ. ಮೊಮ್ಮಗಳ ಲೆಕ್ಕದ ಚೀಟಿ ನನ್ನ ಕೈಯಲ್ಲಿತ್ತು. ಒಮ್ಮೆ ಅವಳು ಜೋರಾಗಿ ಬೀಸಿದಳು. ಚೆಂಡು ಅಲುಗಲೇ ಇಲ್ಲ. ಕಣ್ಣಲ್ಲಿ ನೀರು. ಗುಳಿ ಮುಟ್ಟುವ ಹೊತ್ತಿಗೆ ಒಟ್ಟು ಆರಾಗಿತ್ತು. ಪಾಪ ಅನ್ನಿಸಿ ಐದೆಂದು ಬರೆದೆ.

"ಅಜ್ಜೀ, ಗಾಳಿಗೆ ಬೀಸಿದ್ದೂ ಲೆಕ್ಕ!" ಎಂದು ಮೂಗೊರೆಸಿಕೊಂಡು ಅವಳೇ ತಿದ್ದಿದಳು.

ತಪ್ಪು ಮುಚ್ಚಿಡುವುದೇ ಪ್ರೀತಿ ಎಂದುಕೊಂಡು ಮೂವರು ಮಕ್ಕಳನ್ನು ಬೆಳೆಸಿದವಳು ನಾನು. ಈಗ ಚೀಲ ಮಾತ್ರ ಹೊರುತ್ತೇನೆ, ಗೆಳತಿಯರೇ. ಲೆಕ್ಕ ಅವಳದೇ.