ಮೀನು ಹೊತ್ತ ಸಾಲ

ಕಡಲಿಗೆ ಬಿದ್ದ ಕಶ್ಮಲವು ಕಡಲಿನಲ್ಲಿಯೇ ಕರಗಿ ಇಲ್ಲವಾಗುವುದೆಂಬುದು ಮನುಷ್ಯನ ಬಹುಕಾಲದ ನಂಬಿಕೆ. ಜಪಾನು ದೇಶದ ಮಿನಮಾತ ಕೊಲ್ಲಿಯಲ್ಲಿ ಈ ನಂಬಿಕೆಗೆ ದೊರೆತ ಉತ್ತರವು ದಾರುಣವಾದುದು.

1932 ರಿಂದ 1968 ರವರೆಗೆ ಅಲ್ಲಿಯ ರಾಸಾಯನಿಕ ಕಾರ್ಖಾನೆಯೊಂದರಿಂದ ಮೀಥೈಲ್ ಪಾದರಸವೆಂಬ ವಿಷವು ನೀರಿಗೆ ಸೇರುತ್ತಿದ್ದಿತು. ನೀರಿನಲ್ಲಿ ಅದು ಲೇಶಮಾತ್ರ. ಆದರೆ ಒಳಹೊಕ್ಕ ಆ ವಿಷವನ್ನು ಜೀವದೇಹವು ಬೇಗನೆ ಹೊರಹಾಕಲಾರದು. ಕಣ್ಣಿಗೆ ಕಾಣದ ಜಲಸಸ್ಯದಿಂದ ಕಿರುಜೀವಿಗೆ, ಅದರಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತ, ಮೆಟ್ಟಿಲು ಮೆಟ್ಟಿಲಿಗೂ ಚಕ್ರಬಡ್ಡಿಯಂತೆ ಬೆಳೆದು, ಕೊನೆಗೆ ಅದು ಬೆಸ್ತರ ಮನೆಯ ಊಟಕ್ಕೆ ಬಂದಿತು. ಮೊದಲು ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. 1956 ರಲ್ಲಿ ನಡೆಯಲಾರದ, ಮಾತನಾಡಲಾರದ ಮಕ್ಕಳನ್ನು ಆಸ್ಪತ್ರೆಗೆ ತಂದರು.

ಲೆಕ್ಕವು ಅಲ್ಲಿಗೂ ಮುಗಿಯಲಿಲ್ಲ. ಗರ್ಭದ ಮಾಸು ಶಿಶುವನ್ನು ವಿಷದಿಂದ ಕಾಯುವುದೆಂದು ವೈದ್ಯರು ತಿಳಿದಿದ್ದರು. ಇಲ್ಲಿಯೋ, ತಾಯಿಯ ದೇಹದ ಪಾದರಸವು ಆ ಮಾಸನ್ನು ದಾಟಿ ಶಿಶುವನ್ನು ಸೇರಿತು. ತಾಯಿಗೆ ಅಷ್ಟಾಗಿ ಬಾಧೆಯಿಲ್ಲದೆ ಮಗುವಿಗೆ ಮಾತ್ರ ಕಠಿನವಾದ ರೋಗವು ಬಂದುದುಂಟು. ಒಂದು ತುತ್ತು ಮೀನನ್ನೂ ತಿನ್ನದ ಹಸುಳೆಯು ಕಾರ್ಖಾನೆಯ ಸಾಲವನ್ನು ಹೊತ್ತು ಹುಟ್ಟಿತು.

ಪಾದರಸದ ಹತೋಟಿಗಾಗಿ 2013 ರಲ್ಲಿ ಅನೇಕ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಕ್ಕೆ ಮಿನಮಾತದ ಹೆಸರನ್ನೇ ಇಟ್ಟರು. ನೀರಿಗೆ ಬಿಟ್ಟುದು ನೀರಿನಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನು ಆ ಹೆಸರು ನೆನಪಿಗೆ ತರುತ್ತಿದೆ.