ಸುಮ್ಮನಿರುವ ಕೋಳಿ

ಹೊಸದಾಗಿ ಕೋಳಿ ಸಾಕತೊಡಗಿದವರು ಹೆದರುವುದು ಕೋಳಿ ಮಾಡುವ ಗಲಾಟೆಗೆ. ನಿಜಕ್ಕೂ ಹೆದರಬೇಕಾದದ್ದು ಅದು ಸುಮ್ಮನಾದಾಗ. ಸಂತೆಯಿಂದಲೋ ಫಾರಂನಿಂದಲೋ ತಂದ ನಾಲ್ಕು ಹ್ಯಾಟೆಗಳಲ್ಲಿ ಒಂದು ಇನ್ನೊಂದರ ತಲೆ ಕುಕ್ಕುತ್ತದೆ, ಮತ್ತೊಂದು ಮಣ್ಣಿನ ಗುಂಡಿಯಲ್ಲಿ ಬಿದ್ದು ಕಾಲು ಝಾಡಿಸುತ್ತ ಹೊರಳಾಡುತ್ತದೆ, ಗೂಡಿನಲ್ಲಿ ಚಾಕೊಲೇಟ್ ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ಹಿಕ್ಕೆ ಸಿಗುತ್ತದೆ. ಮನೆಮಂದಿಗೆ ಎದೆ ಡವಡವ. ಆದರೆ ಹೊರಳಾಟ ಮೂರ್ಛೆಯಲ್ಲ, ಹೇನು ಉದುರಿಸಿ ಗರಿಯ ಜಿಡ್ಡು ತೆಗೆಯುವ ಮಣ್ಣಿನ ಸ್ನಾನ. ಕಂದು ಹಿಕ್ಕೆ ಕುರುಡುಗರುಳಿನದು, ದಿನಕ್ಕೆ ಕೆಲವು ಸಲ ಬರಲೇಬೇಕಾದದ್ದು. ಉಳಿದ ಹಿಕ್ಕೆಯ ಮೇಲಿನ ಬಿಳಿ ಟೊಪ್ಪಿ ಮೂತ್ರದ ಅಂಶ, ಏಕೆಂದರೆ ಹಕ್ಕಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ. ಕುಕ್ಕಾಟಕ್ಕೂ ಕಾರಣವಿದೆ. ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಶ್ರೇಣಿಯೊಂದಿರುವುದನ್ನು ನಾರ್ವೆಯ ಷೆಲ್ಡೆರುಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ಬರೆದು ತೋರಿಸಿದ. ಹೊಸಬರು ಸೇರಿದಾಗ ಆ ಶ್ರೇಣಿ ಮತ್ತೆ ತೀರ್ಮಾನವಾಗಬೇಕು. ರಕ್ತ ಬರದಿದ್ದರೆ ನಡುವೆ ಕೈ ಹಾಕದಿರುವುದೇ ಲೇಸು. ಬಿಡಿಸಿ ಬೇರೆ ಮಾಡಿದಷ್ಟು ಸಲವೂ ಜಗಳ ಮೊದಲಿನಿಂದ ಶುರುವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರಗು ಮೊಟ್ಟೆಯದು. ಮಾರುವವನು ‘ಇನ್ನೊಂದು ವಾರ’ ಎಂದಿರುತ್ತಾನೆ. ತಿಂಗಳಾದರೂ ಗೂಡು ಖಾಲಿ. ಮೊಟ್ಟೆಗೆಂದೇ ರೂಪಿಸಿದ ಹೈಬ್ರಿಡ್ ತಳಿ 18–20 ವಾರಕ್ಕೆ ಇಡತೊಡಗಿದರೆ, ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರಗಳಿಗೆ ಐದು ತಿಂಗಳು ದಾಟಬೇಕು, ನಾಟಿ ಹ್ಯಾಟೆಗೆ ಆರು ತಿಂಗಳೂ ಮೀರಬಹುದು. ಇದರ ಮೇಲೆ ಸ್ಥಳ ಬದಲಾದ ದಿಗಿಲು, ಹಗಲಿನ ಉದ್ದ. ಕೋಳಿಯ ಅಂಡಾಶಯ ಬೆಳಕನ್ನು ಲೆಕ್ಕ ಹಾಕುತ್ತದೆ. ಚೆನ್ನಾಗಿ ಇಡಲು 14 ಗಂಟೆಯಷ್ಟಾದರೂ ಬೆಳಕು ಬೇಕು, ನಮ್ಮ ಡಿಸೆಂಬರಿನ ಹಗಲು 11 ಗಂಟೆ ಚಿಲ್ಲರೆ. ಇದನ್ನರಿಯದೆ ಆತುರಪಟ್ಟವರು ಮಾಡುವ ಕೆಲಸ ಮಾತ್ರ ಅಪಾಯದ್ದು: ಬೇಗ ಇಡಲೆಂದು ಎಳೆ ಹ್ಯಾಟೆಗೆ ಮೊಟ್ಟೆ ಕೋಳಿಯ ಆಹಾರ ಸುರಿಯುವುದು. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕೆಂದು ಆ ಆಹಾರದಲ್ಲಿ ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಬೆಳೆಯುವ ಹ್ಯಾಟೆಗೆ ಶೇ. 1ರಷ್ಟು ಸಾಕು. ಹೆಚ್ಚಾದದ್ದನ್ನು ಹೊರಹಾಕುವುದರಲ್ಲೇ ಮೂತ್ರಪಿಂಡ ಕೆಡುತ್ತದೆ. ಜುಟ್ಟು ಕೆಂಪೇರಿ, ಬೆನ್ನ ಮೇಲೆ ಕೈಯಿಟ್ಟರೆ ಕೋಳಿ ನೆಲಕ್ಕೆ ಕುಕ್ಕರಿಸಿದರೆ ಹೊತ್ತು ಹತ್ತಿರವಾಯಿತೆಂದು ತಿಳಿಯಬೇಕು. ಮೊದಲ ಮೊಟ್ಟೆಗಳು ಗೋಲಿಯಷ್ಟಿರಬಹುದು, ಚಿಪ್ಪಿಲ್ಲದೆ ಮೆತ್ತಗಿರಬಹುದು, ಎರಡು ಭಂಡಾರವಿರಬಹುದು. ಅಂಡನಾಳ ಇನ್ನೂ ಕೆಲಸ ಕಲಿಯುತ್ತಿದೆ. (ಹುಂಜ ಬೇಕೇ ಎಂದು ಈಗಲೂ ಕೇಳುವವರಿದ್ದಾರೆ. ಹುಂಜ ಬೇಕಾದದ್ದು ಮರಿಗೆ.)

ಹಾಗಾದರೆ ಎಲ್ಲವೂ ಸಹಜವೆಂದು ಕೈಕಟ್ಟಿ ಕೂರಬೇಕೇ? ಕೂಡದು. ಗಿಡುಗ, ಮುಂಗುಸಿಗಳಿಗೆ ತುತ್ತಾಗುವ ಪ್ರಾಣಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ದುರ್ಬಲವೆಂದು ಕಂಡರೆ ಬೇಟೆಗಾರನಿಗೂ ಅದೇ ಮೊದಲು, ಕುಕ್ಕುವ ಒಡನಾಡಿಗಳಿಗೂ ಅದೇ ಮೊದಲು. ಆದ್ದರಿಂದ ಗರಿ ಕೆದರಿಕೊಂಡು, ಬಾಲ ಇಳಿಬಿಟ್ಟು, ಮೂಲೆಯಲ್ಲಿ ತೂಕಡಿಸುವ ಕೋಳಿಯನ್ನು ‘ಪಾಪ, ಸಾಧು’ ಎಂದು ಮೆಚ್ಚುವುದು ಕಡುತಪ್ಪು. ಬೆಳಿಗ್ಗೆ ಕೂಳು ಹಾಕುವ ಮುನ್ನ ಎದೆಯ ಮೇಲಿನ ಮೇವುಚೀಲ ಮುಟ್ಟಿ ನೋಡಿದರೆ ಖಾಲಿಯಿರಬೇಕು, ಸಂಜೆ ಗೂಡು ಸೇರುವಾಗ ತುಂಬಿರಬೇಕು. ಈ ಎರಡು ಮುಟ್ಟುವಿಕೆ ಹೇಳುವಷ್ಟನ್ನು ಇಡೀ ದಿನದ ಕಾವಲು ಹೇಳಲಾರದು. ಹಿಕ್ಕೆಯಲ್ಲಿ ರಕ್ತ ಕಂಡರೆ, ಕತ್ತು ಚಾಚಿ ಬಾಯ್ದೆರೆದು ಉಸಿರಾಡಿದರೆ ಮಾತ್ರ ಕಾಯುತ್ತ ಕೂರಬಾರದು.

‘ನಮ್ಮಜ್ಜಿ ಇದೊಂದೂ ನೋಡದೆ ಮಂಕರಿ ತುಂಬ ಕೋಳಿ ಸಾಕಿದ್ದಳು’ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಅರ್ಧ ನಿಜವಿದೆ. ಅಜ್ಜಿಯ ಕೋಳಿಗಳು ಅದೇ ತಿಪ್ಪೆಯ ಪಕ್ಕದಲ್ಲಿ ಮೊಟ್ಟೆಯೊಡೆದು, ತಾಯಿಯ ಹಿಂದೆ ಓಡಾಡಿ ಬೆಳೆದವು. ಅವು ಹೊಸ ಜಾಗಕ್ಕೆ ಬಂದವೇ ಅಲ್ಲ. ಇನ್ನರ್ಧವನ್ನು ನೆನಪು ಕೈಬಿಟ್ಟಿದೆ: ಕೊಕ್ಕರೆ ರೋಗ ಬಂದ ವರ್ಷ ಊರಿನ ಕೋಳಿಗಳೆಲ್ಲ ಒಟ್ಟಿಗೆ ಬಿದ್ದು ಹೋಗುತ್ತಿದ್ದವು, ಅದನ್ನು ಹಣೆಬರಹವೆಂದು ಒಪ್ಪಿಕೊಳ್ಳಲಾಗುತ್ತಿತ್ತು. ಇಂದು ಆ ರೋಗಕ್ಕೆ ಮೊದಲ ವಾರದಲ್ಲಿ ಹನಿ, ಎಂಟನೆಯ ವಾರದ ಹೊತ್ತಿಗೆ ಚುಚ್ಚುಮದ್ದು ಇದೆ. ಹಾಗಾಗಿ ಬೆಲೆ, ಬಣ್ಣಕ್ಕಿಂತ ಮೊದಲು ಮಾರುವವನನ್ನು ಕೇಳಬೇಕಾದದ್ದು ಅದನ್ನೇ. ಉತ್ತರ ತಡವರಿಸಿದರೆ, ಮನೆಯಲ್ಲಿ ಮೊದಲೇ ಕೋಳಿಗಳಿದ್ದರೆ, ಹೊಸ ಹ್ಯಾಟೆಗಳಿಗೆ ಮೂರು ವಾರವಾದರೂ ಬೇರೆ ಗೂಡು, ಬೇರೆ ನೀರಿನ ತಟ್ಟೆ ಬೇಕು. ಹಳೆಯವಕ್ಕೆ ಕೂಳು ಹಾಕಿದ ನಂತರವೇ ಹೊಸವುಗಳ ಕಡೆ ಕಾಲಿಡಬೇಕು. ರೋಗ ಚಪ್ಪಲಿಯಲ್ಲೂ ನಡೆದು ಬರುತ್ತದೆ.