ಆರನೇ ತಿಂಗಳಲ್ಲಿ ಅಕ್ಕ ಊರು ಸುತ್ತಿದ್ದು

ಭಾಗ 1

"ಅಕ್ಕ-ಭಾವ ಬೇಬಿಮೂನ್ ಎಲ್ಲಿಗೆ ಹೋಗಿದ್ರು?" ಅಂತ ಹೋದ ಪೋಸ್ಟಲ್ಲಿ ಎಷ್ಟೋ ಜನ ಕೇಳಿದ್ರಿ. ಮಾಲ್ಡೀವ್ಸೂ ಅಲ್ಲ, ಬಾಲಿನೂ ಅಲ್ಲ ಕಣ್ರೋ. ದೊಡ್ಡಮಳೂರು, ಚನ್ನಪಟ್ಟಣ, ಶೃಂಗೇರಿ. ಫೋಟೋಗಳಲ್ಲಿ ಅಕ್ಕನ ಮುಖ ಎಲ್ಲೂ ಕಾಣಲ್ಲ, ಬರೀ ಕೈ, ಬೆನ್ನು, ಚಪ್ಪಲಿ. ಅದು ಅವಳ ಕಂಡೀಷನ್. ಎರಡನೇ ಕಂಡೀಷನ್, "ಬರೆಯೋದಾದ್ರೆ ಪೂರ್ತಿ ಬರಿ."

ಪೂರ್ತಿ ಅಂದ್ರೆ ಹೋದ ವರ್ಷದಿಂದ ಶುರು ಮಾಡ್ಬೇಕು. ಹೋದ ವರ್ಷಾನೂ ಅಕ್ಕ ಬಸುರಿ ಆಗಿದ್ಳು. ಒಂಬತ್ತನೇ ವಾರಕ್ಕೆ ನಿಲ್ಲಲಿಲ್ಲ. ಅದಕ್ಕೆ ಹತ್ತು ದಿನ ಮುಂಚೆ ಇಬ್ಬರೂ ಬೈಕಲ್ಲಿ ನಂದಿಬೆಟ್ಟಕ್ಕೆ ಹೋಗಿ ಬಂದಿದ್ರು. ಅಷ್ಟು ಸಾಕಾಯ್ತು. ನೋಡೋಕೆ ಬಂದವರೆಲ್ಲ ಕಾಫಿ ಕುಡೀತಾ ಒಂದೇ ಮಾತು: "ಬೈಕ್ ಹತ್ತಬಾರದಿತ್ತು." ಭಾವ ಬೈಕ್ ಮಾರಿಬಿಟ್ರು. ಮಾರಿ ಅಂತ ಯಾರೂ ಹೇಳಿರಲಿಲ್ಲ.

ಡಾಕ್ಟರ್ ಹೇಳಿದ್ದು ಬೇರೆ. ಗೊತ್ತಾದ ಪ್ರತಿ 100 ಗರ್ಭದಲ್ಲಿ 10ರಿಂದ 20 ಹೀಗೆ ಹೋಗ್ತವಂತೆ. ಶುರುವಲ್ಲೇ ಹೋಗೋದ್ರಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮುಗಳಲ್ಲೇ ಇರೋ ಏರುಪೇರು. ಒಂದು ದಿನದ ಸುತ್ತಾಟ ಅಲ್ಲ. ಅಕ್ಕ ಇದನ್ನ ಕೇಳಿಸ್ಕೊಂಡ್ಳು, ತಲೆಗೂ ಹೋಯ್ತು. ಮನಸ್ಸಿಗೆ ಮಾತ್ರ ಹೋಗಲಿಲ್ಲ.

ಭಾಗ 2

ಈ ಸಲ ಮೊದಲ ಮೂರು ತಿಂಗಳು ಅಕ್ಕ ಮನೆ, ಆಫೀಸು ಬಿಟ್ಟು ಎಲ್ಲೂ ಹೋಗಲಿಲ್ಲ. ಸ್ಕ್ಯಾನಿಂಗ್ ಎಲ್ಲ ಸರಿಯಾಗಿ ಬಂದ್ಮೇಲೆ ಡಾಕ್ಟರೇ ಕೇಳಿದ್ರಂತೆ, "ಯಾಕಮ್ಮ ಇಷ್ಟು ಹೆದರ್ತೀಯ? ಓಡಾಡು." 14ರಿಂದ 28ನೇ ವಾರದವರೆಗೆ ಓಡಾಟಕ್ಕೆ ಅನುಕೂಲದ ಕಾಲ. ವಾಂತಿ ಕಡಿಮೆ ಆಗಿರುತ್ತೆ, ಹೊಟ್ಟೆ ಇನ್ನೂ ಅಷ್ಟು ಭಾರ ಆಗಿರಲ್ಲ. (ಬಿಪಿ, ರಕ್ತಸ್ರಾವದಂಥ ತೊಂದರೆ ಇದ್ದವರಿಗೆ ಲೆಕ್ಕ ಬೇರೆ. ಕ್ಯಾಪ್ಷನ್ ನೋಡ್ಕೊಂಡು ಹೊರಡಬೇಡಿ, ಡಾಕ್ಟರನ್ನ ಕೇಳಿ.)

ಇನ್ನೊಂದು ಕಾರಣಾನೂ ಇತ್ತು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಲ್ಲೇ. ಅಂದ್ರೆ ಸೀಮಂತ ಆದ್ಮೇಲೆ ಅಕ್ಕ ಶಿವಮೊಗ್ಗದಲ್ಲಿ, ಭಾವ ಬೆಂಗಳೂರಲ್ಲಿ. 2017ರ ತಿದ್ದುಪಡಿ ಆದ್ಮೇಲೆ ಹೆರಿಗೆ ರಜೆ 26 ವಾರ, ಅದರಲ್ಲಿ 8 ವಾರ ಹೆರಿಗೆಗೆ ಮುಂಚೆನೇ ತಗೋಬಹುದು. ಇದನ್ನ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ವಿ. ಅಪ್ಪಂದಿರಿಗೆ? ಕೇಂದ್ರ ಸರ್ಕಾರದ ನೌಕರರಿಗೆ 15 ದಿನ. ಖಾಸಗಿ ಕಂಪನಿಗೆ ಅಂಥ ಕಾನೂನೇ ಇಲ್ಲ, ಅವರು ಕೊಟ್ಟಷ್ಟು. ಭಾವನಿಗೆ 5 ದಿನ. ಹಾಗಾಗಿ ಇಬ್ಬರೇ ಇರೋ ದಿನ ಇನ್ನೆಷ್ಟು ಉಳಿದಿವೆ ಅಂತ ಅವರೂ ಲೆಕ್ಕ ಹಾಕಿದ್ರು ಅನ್ಸುತ್ತೆ.

ಭಾಗ 3

ಮೊದಲು ದೊಡ್ಡಮಳೂರು, ಐದನೇ ತಿಂಗಳಲ್ಲಿ. ಬೆಂಗಳೂರಿಂದ ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿದ ಕೂಡಲೇ ಸಿಗುತ್ತೆ. ಅಪ್ರಮೇಯ ಸ್ವಾಮಿ ದೇವಸ್ಥಾನ, ಅದರೊಳಗೆ ಅಂಬೆಗಾಲು ಕೃಷ್ಣ. ಮಕ್ಕಳಿಗೆ ಹರಕೆ ಹೊತ್ತವರು ಅಲ್ಲಿ ತೊಟ್ಟಿಲು ಒಪ್ಪಿಸ್ತಾರೆ. ಭಾವನ ಅಮ್ಮ ಹೋದ ವರ್ಷವೇ ಹರಕೆ ಹೊತ್ತಿದ್ರಂತೆ, ಯಾರಿಗೂ ಹೇಳದೆ. ಅಲ್ಲಿರೋ ಪುಟ್ಟ ಪುಟ್ಟ ತೊಟ್ಟಿಲುಗಳನ್ನ ನೋಡ್ತಾ ಅಕ್ಕ ಅಂದ್ಳು, "ಇಷ್ಟು ಜನ ಕಾದಿದ್ದಾರಾ? ನಾನೊಬ್ಳೇ ಅನ್ಕೊಂಡಿದ್ದೆ."

ವಾಪಸ್ ಬರ್ತಾ ಚನ್ನಪಟ್ಟಣದ ಬೊಂಬೆ ಅಂಗಡಿ. ಹಾಲೆ ಮರವನ್ನ ಕಡೆದು, ತಿರುಗ್ತಾ ಇರುವಾಗಲೇ ಅರಗಿನ ಬಣ್ಣ ಹತ್ತಿಸ್ತಾರೆ. ಒತ್ತಿ ಹಿಡಿದರೆ ಸಾಕು, ಬಿಸಿಗೆ ಬಣ್ಣ ಕರಗಿ ಮರಕ್ಕೆ ಕೂರುತ್ತೆ. ಭಾವ ಗಿಲಕಿ ಕೈಗೆ ತಗೊಂಡ್ರು. ಅಕ್ಕ ಕೂಡಲೇ, "ಬೇಡ, ಹುಟ್ಟೋಕೆ ಮುಂಚೆ ಏನೂ ತಗೋಬಾರದು." ಶಾಸ್ತ್ರದ ಮಾತಲ್ಲ ಅದು, ಭಯದ ಮಾತು. ಭಾವ ವಾದ ಮಾಡಲಿಲ್ಲ. ಗಿಲಕಿ ಕೆಳಗಿಟ್ಟು ಒಂದು ಬುಗುರಿ ತಗೊಂಡ್ರು. "ಇದು ನನಗೆ" ಅಂದ್ರು. ಮೂವತ್ತು ವರ್ಷದ ಮನುಷ್ಯ, ಈಗ್ಲೂ ಆಫೀಸ್ ಟೇಬಲ್ ಮೇಲೆ ತಿರುಗಿಸ್ತಾರಂತೆ.

ಭಾಗ 4

25ನೇ ವಾರ, ಶೃಂಗೇರಿ. ಬೆಂಗಳೂರಿಂದ ಶಿವಮೊಗ್ಗಕ್ಕೆ ರಾತ್ರಿ ಟ್ರೈನಲ್ಲಿ ಬಂದ್ರು. ಸ್ಲೀಪರ್ ಬೋಗಿಯಲ್ಲಿ 6-7 ಕೆಳಗಿನ ಬರ್ತ್ ಹಿರಿಯರಿಗೆ, 45 ದಾಟಿದ ಹೆಂಗಸರಿಗೆ, ಬಸುರಿಯರಿಗೆ ಅಂತ ಮೀಸಲು. ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಬೆಳಿಗ್ಗೆ ಕಾರಲ್ಲಿ ಮಂಡಗದ್ದೆ, ತೀರ್ಥಹಳ್ಳಿ, ಕೊಪ್ಪ. ಮೂರೂ ಕಡೆ ಇಳಿದು ಹತ್ತು ನಿಮಿಷ ನಡೆದ್ವಿ, ಒಂದೇ ಕಡೆ ಕೂತಿದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಬಸುರಿಯರಿಗೆ ಜಾಸ್ತಿ ಅಂತೆ. ಸೀಟ್ ಬೆಲ್ಟಿನ ಕೆಳಗಿನ ಪಟ್ಟಿ ಹೊಟ್ಟೆ ಮೇಲಲ್ಲ, ಹೊಟ್ಟೆ ಕೆಳಗೆ. ಬ್ಯಾಗಲ್ಲಿ ತಾಯಿ ಕಾರ್ಡು. ಎಲ್ಲ ಭಾವನ ಉಸ್ತುವಾರಿ.

ತುಂಗೆಯ ದಡದಲ್ಲಿ ಕಪ್ಪೆ ಶಂಕರ ಅಂತ ಒಂದು ಸಣ್ಣ ಶಿಲ್ಪ ಇದೆ. ಮೀನಿಗೆ ಮಂಡಕ್ಕಿ ಹಾಕೋ ಗಡಿಬಿಡಿಯಲ್ಲಿ ಜನ ಅದನ್ನ ನೋಡದೇ ಹೋಗ್ತಾರೆ. ಕತೆ ನಿಮಗೆ ಗೊತ್ತಿರುತ್ತೆ. ಸುಡು ಬಿಸಿಲಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಹಿಡಿದಿತ್ತು. ಶಂಕರಾಚಾರ್ಯರು ಅದನ್ನ ಕಂಡು, ಹುಟ್ಟು ವೈರಿಗಳೂ ವೈರ ಮರೆಯೋ ಜಾಗ ಇದು ಅಂತ ಅಲ್ಲೇ ಮಠ ಕಟ್ಟಿದರು.

ಅಕ್ಕ ತುಂಬ ಹೊತ್ತು ನಿಂತಿದ್ಳು. ಆಮೇಲೆ ಅಂದ್ಳು, "ಹಾವು ಒಂದೇ ಒಂದು ಸಲಹೆನೂ ಕೊಡಲಿಲ್ಲ ನೋಡು. ಬಿಸಿಲಿಗೆ ಯಾಕೆ ಬಂದೆ ಅಂತಾನೂ ಕೇಳಲಿಲ್ಲ."

ಭಾವ ನಕ್ಕರು. ಅಕ್ಕ ಅತ್ತಳು. ನಂದಿಬೆಟ್ಟದ ವಿಷಯ ಇಬ್ಬರೂ ಮೊದಲ ಸಲ ಬಾಯಿಬಿಟ್ಟು ಮಾತಾಡಿದ್ದು ಅಲ್ಲೇ, ಆ ಮೆಟ್ಟಿಲ ಮೇಲೆ. ನಾನು ದೂರ ಹೋಗಿ ಮೀನಿನ ಫೋಟೋ ತೆಗೆದೆ. ಈ ಭಾಗದಲ್ಲಿ ಬರೀ ಮೀನು ಯಾಕಿವೆ ಅಂತ ಈಗ ಗೊತ್ತಾಯ್ತಲ್ಲ.

ಭಾಗ 5

ಹೋದ ಭಾನುವಾರ ಸೀಮಂತ ಆಯ್ತು. ಕೈತುಂಬ ಹಸಿರು ಬಳೆ. ಬೈಕಿನ ಮಾತಾಡಿದ್ದ ನೆಂಟರೂ ಬಂದಿದ್ರು. "ಇಂಥ ಹೊತ್ತಲ್ಲಿ ಶೃಂಗೇರಿವರೆಗೆ ಹೋಗಿದ್ರಂತೆ?" ಅಂದ್ರು. ಹೋದ ವರ್ಷ ಆಗಿದ್ರೆ ಅಕ್ಕ ತಲೆ ತಗ್ಗಿಸ್ತಿದ್ಳು. ಈ ಸಲ "ಹೌದು ಅತ್ತೆ, ತುಂಬ ಚೆನ್ನಾಗಿತ್ತು. ಹೋಳಿಗೆಗೆ ತುಪ್ಪ ಹಾಕ್ಲಾ?" ಅಂದ್ಳು.

ಈಗ 29ನೇ ವಾರ. ಇನ್ನೂ 11 ವಾರ ಇದೆ. ಏನಾಗುತ್ತೋ ಅನ್ನೋ ಭಯ ಪೂರ್ತಿ ಹೋಗಿಲ್ಲ, ಮಗು ಒದ್ದಾಗೆಲ್ಲ ಸ್ವಲ್ಪ ಕಡಿಮೆ ಆಗುತ್ತೆ ಅಷ್ಟೇ. ಭಾವ ಪ್ರತಿ ಶುಕ್ರವಾರ ರಾತ್ರಿ ಟ್ರೈನಿಗೆ ಟಿಕೆಟ್ ಮಾಡಿಟ್ಟಿದ್ದಾರೆ. 60 ದಿನಕ್ಕಿಂತ ಮುಂದಕ್ಕೆ ಬುಕಿಂಗ್ ಕೊಡಲ್ಲ, ಇಲ್ಲದಿದ್ರೆ ನಾಮಕರಣದವರೆಗೂ ಮಾಡಿಡ್ತಿದ್ರು.

ನಿಮ್ಮ ಮನೇಲೂ ಒಬ್ಬಳು ಅಕ್ಕನೋ ಅತ್ತಿಗೆನೋ ಈಗ ಹೀಗೇ ಇರಬಹುದು, ಇಲ್ಲ ಹೋದ ವರ್ಷ ಇದ್ದಿರಬಹುದು. ಯಾಕೆ ಹೋದೆ, ಯಾಕೆ ತಿಂದೆ, ಯಾಕೆ ಹತ್ತಿದೆ ಅಂತ ಕೇಳೋಕೆ ಜನ ಬೇಕಾದಷ್ಟಿದ್ದಾರೆ. ನೀವು ಊಟ ಆಯ್ತಾ ಅಂತ ಕೇಳಿ, ಪಕ್ಕದಲ್ಲಿ ಕೂತ್ಕೊಳ್ಳಿ.